ಮ್ಯಾಚಿಗೆ ಮೊದಲು ರೋಬೋಟಿನ ಪವರ್, ವೈರಿಂಗ್ ದೋಷ ಹುಡುಕುವ ಬಗೆ

ಪ್ರಾಕ್ಟೀಸಿನಲ್ಲಿ ಚೆನ್ನಾಗಿ ಓಡಿದ ರೋಬೋಟ್ ಅರೀನಾಕ್ಕೆ ಇಳಿದ ಕೂಡಲೇ ನಿಲ್ಲುತ್ತದೆ, ಇಲ್ಲವೇ ಎದುರಾಳಿಯನ್ನು ತಳ್ಳಲು ಹೋದಾಗ ರೀಸೆಟ್ ಆಗುತ್ತದೆ. ತಂಡದವರು ಲ್ಯಾಪ್‌ಟಾಪ್ ತೆರೆದು ಕೋಡ್ ತಿದ್ದಲು ಕೂಡುತ್ತಾರೆ. ನಿನ್ನೆ ಓಡಿದ ಕೋಡು ರಾತ್ರೋರಾತ್ರಿ ಕೆಡುವುದಿಲ್ಲ. ಕೆಡುವುದು ಬ್ಯಾಟರಿ, ಕನೆಕ್ಟರ್, ಸ್ವಿಚ್, ಬೆಸುಗೆ. ಆದ್ದರಿಂದ ಕೋಡಿಗೆ ಕೈ ಹಾಕುವ ಮೊದಲು ಮಲ್ಟಿಮೀಟರ್ ಕೈಗೆ ತೆಗೆದುಕೊಳ್ಳಿರಿ.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಕಾಲೇಜು ಫೆಸ್ಟ್‌ಗಳಲ್ಲಿ ರೋಬೋ ರೇಸ್, ರೋಬೋ ಸಾಕರ್, ಸಣ್ಣ ತೂಕದ ರೋಬೋ ವಾರ್‌ಗೆ ಬರುವಂಥ ಯಂತ್ರಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ: 11.1 ವೋಲ್ಟಿನ 3ಎಸ್ ಲಿಪೋ (ಮೂರು ಸೆಲ್ಲಿನ ಲಿಥಿಯಂ ಪಾಲಿಮರ್) ಅಥವಾ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ, ಎರಡು ಅಥವಾ ನಾಲ್ಕು ಗೇರ್ ಮೋಟಾರು, ಎಲ್298ಎನ್ ಅಥವಾ ಬಿಟಿಎಸ್7960 ಡ್ರೈವರ್ (ಮೋಟಾರಿಗೆ ಕರೆಂಟು ಕೊಡುವ ಬೋರ್ಡು), ಕೋಡ್ ಓಡಿಸುವ ಆರ್ಡುಯಿನೋ ಅಥವಾ ಇಎಸ್‌ಪಿ32, ಜೊತೆಗೆ ಒಂದು ರಿಸೀವರ್ ಇಲ್ಲವೇ ಬ್ಲೂಟೂತ್ ಮಾಡ್ಯೂಲ್.

ಸುಮ್ಮನಿದ್ದಾಗಿನ ವೋಲ್ಟೇಜನ್ನು ನಂಬಬೇಡಿರಿ

ಮೋಟಾರು ನಿಂತಿದ್ದಾಗ ಬ್ಯಾಟರಿಯ ಮೇಲೆ ಮೀಟರ್ ಹಚ್ಚಿ 12.4 ನೋಡಿ "ಪವರ್ ಸರಿ ಇದೆ" ಎನ್ನುವುದು ಬಹಳ ಸಲ ದಾರಿ ತಪ್ಪಿಸುವ ಅಳತೆ. ನಲ್ಲಿ ಮುಚ್ಚಿದ್ದಾಗ ಅರ್ಧ ಕಟ್ಟಿಕೊಂಡ ಪೈಪಿನಲ್ಲೂ ನೀರಿನ ಒತ್ತಡ ಪೂರ್ತಿಯೇ ಇರುತ್ತದೆ. ನಲ್ಲಿ ಬಿಟ್ಟಾಗಲೇ ಕಟ್ಟಿರುವುದು ಗೊತ್ತಾಗುವುದು. ವೈರಿನಲ್ಲೂ ಹಾಗೆಯೇ. ಕರೆಂಟು ಹರಿಯದಿದ್ದರೆ ಕೆಟ್ಟ ಜಾಯಿಂಟಿನಲ್ಲಿ ವೋಲ್ಟೇಜ್ ಬೀಳುವುದೇ ಇಲ್ಲ. ಲೆಕ್ಕ ಸರಳ: ಒಂದು ಕನೆಕ್ಟರಿನಲ್ಲಿ 50 ಮಿಲಿಓಮ್ ತಡೆ ಇದ್ದು 10 ಆಂಪಿಯರ್ ಹರಿದರೆ ಅಲ್ಲಿ ಅರ್ಧ ವೋಲ್ಟ್ ಕಳೆಯುತ್ತದೆ, 5 ವ್ಯಾಟ್ ಶಾಖವಾಗುತ್ತದೆ. ಕನೆಕ್ಟರ್ ಬಿಸಿಯಾಗಿ ಬೆಸುಗೆ ಮೆತ್ತಗಾಗುತ್ತದೆ, ತಡೆ ಇನ್ನೂ ಏರುತ್ತದೆ. ಅದೇ ಕನೆಕ್ಟರನ್ನು ಮೀಟರಿನ ಕಂಟಿನ್ಯುಟಿಯಲ್ಲಿ (ದಾರಿ ಕೂಡಿದ್ದರೆ ಬೀಪ್ ಎನ್ನುವ ಸೆಟ್ಟಿಂಗ್) ಪರೀಕ್ಷಿಸಿದರೆ ಜೋರಾಗಿ ಬೀಪ್ ಎನ್ನುತ್ತದೆ, ಏಕೆಂದರೆ ಸಾಮಾನ್ಯ ಮೀಟರುಗಳು ಹತ್ತಾರು ಓಮ್ ಇದ್ದರೂ ಬೀಪ್ ಮಾಡುತ್ತವೆ. ಬೀಪ್ ಬಂತೆಂದರೆ ವೈರು ಪೂರ್ತಿ ತುಂಡಾಗಿಲ್ಲ ಎಂದಷ್ಟೇ ಅರ್ಥ.

ಹಾಗಾಗಿ ಲೋಡ್ ಇದ್ದಾಗ, ಅಂದರೆ ಮೋಟಾರು ಕರೆಂಟು ಎಳೆಯುವಾಗ ಅಳೆಯಿರಿ, ಪ್ಲಸ್ ಮತ್ತು ಮೈನಸ್ ಎರಡೂ ದಾರಿಗಳಲ್ಲಿ ಅಳೆಯಿರಿ. ಈ ಕೈಪಿಡಿಯ ತಿರುಳು ಇಷ್ಟೇ.

ಮೇಜಿನ ಮೇಲೆ ಇರಬೇಕಾದದ್ದು

ಡಿಜಿಟಲ್ ಮಲ್ಟಿಮೀಟರ್ ಒಂದು. ಅದರ 9 ವೋಲ್ಟ್ ಬ್ಯಾಟರಿ ಹೊಸದಿರಲಿ, ಬ್ಯಾಟರಿ ಇಳಿದ ಮೀಟರ್ ಹೆಚ್ಚು ವೋಲ್ಟೇಜ್ ತೋರಿಸುತ್ತದೆ. ಬಜರ್ ಇರುವ ಲಿಪೋ ಚೆಕರ್. 60 ವ್ಯಾಟಿನ ಸೋಲ್ಡರಿಂಗ್ ಐರನ್. 25 ವ್ಯಾಟಿನದು ಬ್ಯಾಟರಿಯ ದಪ್ಪ ಎಕ್ಸ್‌ಟಿ60 ಕನೆಕ್ಟರನ್ನು ಕಾಯಿಸಲಾರದು, ಅರ್ಧ ಕಾದ ಬೆಸುಗೆಯೇ ಮುಂದೆ ದೋಷವಾಗುತ್ತದೆ. 3 ಮಿಲಿಮೀಟರ್ ಚಪ್ಪಟೆ ಸ್ಕ್ರೂಡ್ರೈವರ್, ಹೀಟ್ ಶ್ರಿಂಕ್, ಕೇಬಲ್ ಟೈ, ಟಾರ್ಚು, ಹಳೆಯ ಟೂತ್‌ಬ್ರಷ್, ಐಸೋಪ್ರೊಪೈಲ್ ಆಲ್ಕೋಹಾಲ್. 10, 15, 20 ಆಂಪಿಯರಿನ ಬ್ಲೇಡ್ ಫ್ಯೂಸುಗಳು (ಬೈಕು, ಕಾರಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತವೆ, 10 ಕೆಂಪು, 15 ನೀಲಿ, 20 ಹಳದಿ). ಲಿಪೋ ಇದ್ದರೆ ಪಕ್ಕದಲ್ಲಿ ಒಣ ಉಸುಕು ತುಂಬಿದ ಬಕೆಟ್ ಕಡ್ಡಾಯ.

ಮೀಟರಿನ ಕೆಂಪು ಪ್ರೋಬ್ ಯಾವ ತೂತಿನಲ್ಲಿದೆ ಎಂದು ಪ್ರತಿ ಸಲ ನೋಡಿರಿ. 10 ಆಂಪಿಯರ್ ತೂತಿನಲ್ಲಿಟ್ಟು ಬ್ಯಾಟರಿಯ ಎರಡು ತುದಿಗೆ ಹಚ್ಚಿದರೆ ಅದು ನೇರ ಶಾರ್ಟ್. ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ. ಲಿಪೋ ನೂರಾರು ಆಂಪಿಯರ್ ಹೊರಹಾಕಬಲ್ಲದು. ಪ್ರೋಬಿನ ಮೊನೆ ಕರಗುತ್ತದೆ, ಕೈ ಸುಡುತ್ತದೆ.

ಮೊದಲು ಲಕ್ಷಣ ಗುರುತಿಸಿರಿ

ಬಿಚ್ಚುವ ಮೊದಲು ದೋಷ ಯಾವಾಗ ಬರುತ್ತದೆ ಎಂದು ಒಂದು ಸಾಲು ಬರೆದಿಡಿರಿ. ಯಾವ ಲೈಟೂ ಹತ್ತದಿದ್ದರೆ ಫ್ಯೂಸ್, ಸ್ವಿಚ್, ಮುಖ್ಯ ಕನೆಕ್ಟರ್. ಲೈಟು ಹತ್ತಿ ಮೋಟಾರು ತಿರುಗದಿದ್ದರೆ ಡ್ರೈವರಿನ ಎನೇಬಲ್ ಪಿನ್ನು (ಅದನ್ನು ಚಾಲೂ ಮಾಡುವ ಪಿನ್ನು), ಕಾಮನ್ ಗ್ರೌಂಡ್ (ಎಲ್ಲ ಬೋರ್ಡುಗಳ ಮೈನಸ್ ಒಂದಾಗುವ ಜೋಡಣೆ), ಸಿಗ್ನಲ್ ವೈರು. ಒಂದು ನಿಮಿಷ ಓಡಿ ನಿಂತು, ತಣ್ಣಗಾದ ಮೇಲೆ ತಾನೇ ಚಾಲೂ ಆದರೆ ಡ್ರೈವರ್ ಕಾದು ತನ್ನನ್ನು ತಾನೇ ಬಂದ್ ಮಾಡಿಕೊಂಡಿದೆ. ಒಂದೇ ಕಡೆಯ ಗಾಲಿ ಬಲಹೀನವಾದರೆ ಆ ಕಡೆಯ ಮೋಟಾರ್ ವೈರಿನ ಬೆಸುಗೆ, ಇಲ್ಲವೇ ಗೇರ್ ಬಾಕ್ಸ್ ಜಾಮ್. ಎಡ-ಬಲ ಮೋಟಾರ್ ವೈರು ಅದಲುಬದಲು ಮಾಡಿ ನೋಡಿದರೆ ದೋಷ ಮೋಟಾರಿನದೋ ಡ್ರೈವರಿನದೋ ಎರಡೇ ನಿಮಿಷದಲ್ಲಿ ತಿಳಿಯುತ್ತದೆ.

ಕಷ್ಟದವು ಎರಡೇ: ಒಮ್ಮೆಲೇ ವೇಗ ಕೊಟ್ಟಾಗ ಅಥವಾ ಎದುರಾಳಿಯನ್ನು ತಳ್ಳುವಾಗ ರೀಸೆಟ್ ಆಗುವುದು, ಮತ್ತು ಪೆಟ್ಟು ಬಿದ್ದಾಗ ಸತ್ತು ಮತ್ತೆ ಜೀವ ಬರುವುದು. ಮೊದಲನೆಯದು ವೋಲ್ಟೇಜ್ ಕುಸಿತ, ಎರಡನೆಯದು ಸಡಿಲು ಜಾಯಿಂಟು. ಎರಡನ್ನೂ ಹುಡುಕುವ ಬಗೆ ಬೇರೆ ಬೇರೆ.

ಬ್ಯಾಟರಿ ಹಚ್ಚುವ ಮೊದಲು

ಗದಗಿನಿಂದಲೋ ಹಾವೇರಿಯಿಂದಲೋ ಬಸ್ಸಿನಲ್ಲಿ ತಂದ ರೋಬೋಟಿನ ಸ್ಕ್ರೂ ಟರ್ಮಿನಲ್‌ಗಳು ಬಂದಿಳಿಯುವಷ್ಟರಲ್ಲಿ ಸಡಿಲಾಗಿರುತ್ತವೆ ಎಂದೇ ತಿಳಿದುಕೊಳ್ಳಿರಿ. ಬ್ಯಾಟರಿ ಕಿತ್ತಿಟ್ಟು, ಪ್ರತಿ ಸ್ಕ್ರೂ ಬಿಗಿ ಮಾಡಿ, ಪ್ರತಿ ವೈರನ್ನು ಎರಡು ಬೆರಳಿನಿಂದ ಜಗ್ಗಿ ನೋಡಿರಿ. ಜಗ್ಗಿದಾಗ ಬರುವ ವೈರು ಮ್ಯಾಚಿನಲ್ಲೂ ಬರುತ್ತದೆ, ಈಗಲೇ ಬರಲಿ.

ಟರ್ಮಿನಲ್ಲಿಗೆ ಹಾಕುವ ವೈರಿನ ತುದಿಗೆ ಸೋಲ್ಡರ್ ಹಾಕಿ ಗಟ್ಟಿ ಮಾಡುವ ರೂಢಿ ನಮ್ಮ ಲ್ಯಾಬುಗಳಲ್ಲಿ ಬಹಳ. ಅದನ್ನು ಬಿಡಬೇಕು. ಸೋಲ್ಡರ್ ಮೆದು ಲೋಹ, ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗುತ್ತ ಹೋಗುತ್ತದೆ. ನಿನ್ನೆ ಬಿಗಿ ಇದ್ದದ್ದು ಇವತ್ತು ಸಡಿಲು. ಸೋಲ್ಡರ್ ಮುಗಿದು ಎಳೆಗಳು ಶುರುವಾಗುವ ಜಾಗದಲ್ಲೇ ವೈರು ಮುರಿಯುವುದೂ ಹೆಚ್ಚು. ಬರಿಯ ಎಳೆಗಳನ್ನು ಬಿಗಿಯಾಗಿ ಹೊಸೆದು ಹಾಕಿರಿ, ಫೆರೂಲ್ (ಎಳೆಗಳ ಮೇಲೆ ಒತ್ತಿ ಕೂರಿಸುವ ಲೋಹದ ಕೊಳವೆ) ಸಿಕ್ಕರೆ ಇನ್ನೂ ಒಳ್ಳೆಯದು. ಸ್ಕ್ರೂ ವೈರಿನ ತಾಮ್ರವನ್ನು ಹಿಡಿದಿದೆಯೋ ಪ್ಲಾಸ್ಟಿಕ್ ಹೊದಿಕೆಯನ್ನೋ ಎಂದು ಟಾರ್ಚ್ ಹಾಕಿ ನೋಡಿರಿ. ಹೊದಿಕೆಯನ್ನು ಹಿಡಿದಿದ್ದರೆ ಜಗ್ಗಿದಾಗ ಗಟ್ಟಿಯಾಗಿಯೇ ಇರುತ್ತದೆ, ಕರೆಂಟು ಮಾತ್ರ ಬಂದು ಹೋಗಿ ಮಾಡುತ್ತದೆ.

ಆಮೇಲೆ ಶಾರ್ಟ್ ಪರೀಕ್ಷೆ. ಬ್ಯಾಟರಿ ಇಲ್ಲದೆ, ಸ್ವಿಚ್ ಆನ್ ಮಾಡಿ, ಮೀಟರನ್ನು ಕಂಟಿನ್ಯುಟಿಗೆ ಇಟ್ಟು, ರೋಬೋಟಿನ ಕಡೆಯ ಕನೆಕ್ಟರಿನ ಪ್ಲಸ್‌ಗೆ ಕೆಂಪು, ಮೈನಸ್‌ಗೆ ಕಪ್ಪು ಪ್ರೋಬ್ ಹಚ್ಚಿರಿ. ಕೆಪಾಸಿಟರ್ ತುಂಬುವಾಗ ಒಂದು ಕ್ಷಣ ಬೀಪ್ ಬಂದು ನಿಂತು, ಸಂಖ್ಯೆ ಏರುತ್ತ ಹೋದರೆ ಸರಿ. ಬೀಪ್ ನಿಲ್ಲದೇ ಇದ್ದರೆ ಶಾರ್ಟ್, ಬ್ಯಾಟರಿ ಹಚ್ಚಲೇಬೇಡಿರಿ. ಡ್ರೈವರ್, ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರುಗಳನ್ನು ಒಂದೊಂದಾಗಿ ಕಿತ್ತು ಯಾವುದು ಕಿತ್ತಾಗ ಬೀಪ್ ನಿಲ್ಲುತ್ತದೆ ನೋಡಿರಿ. ಪ್ರೋಬ್ ತಿರುವುಮುರುವಾಗಿ ಹಚ್ಚಿದರೆ ಡ್ರೈವರಿನ ಒಳಗಿನ ಡಯೋಡುಗಳ ದಾರಿ ಕಾಣುತ್ತದೆ. ಆಗ ಬರುವ ಸಂಖ್ಯೆಯನ್ನು ಶಾರ್ಟ್ ಎಂದು ತಿಳಿಯಬಾರದು.

ಪ್ರತಿ ಮೋಟಾರಿನ ಟರ್ಮಿನಲ್ಲಿನಿಂದ ಚಾಸಿಸ್ಸಿನ ಕಬ್ಬಿಣಕ್ಕೂ ಬೀಪ್ ಬರಬಾರದು. ಬಂದರೆ ಎಲ್ಲೋ ವೈರು ಉಜ್ಜಿ ಹೊದಿಕೆ ಹರಿದಿದೆ. ಕಬ್ಬಿಣದ ತೂತಿನ ಮೂಲಕ ಹಾದುಹೋಗುವ ವೈರುಗಳನ್ನು ಮೊದಲು ನೋಡಿರಿ.

ಧಾರವಾಡದ ಜಿಟಿಜಿಟಿ ಮಳೆಗಾಲ ಪೂರ್ತಿ ಲ್ಯಾಬಿನ ಮೂಲೆಯಲ್ಲಿದ್ದ ರೋಬೋಟಾದರೆ ಕನೆಕ್ಟರ್ ಪಿನ್ನುಗಳ ಮೇಲೆ ಹಸಿರು ಕಿಲುಬು ಇದೆಯೇ ನೋಡಿರಿ. ಆಲ್ಕೋಹಾಲ್ ಹಚ್ಚಿ ಬ್ರಷ್ಷಿನಿಂದ ತಿಕ್ಕಿದರೂ ಹೋಗದಿದ್ದರೆ ಕನೆಕ್ಟರ್ ಬದಲಿಸಿರಿ. ಹೊರಾಂಗಣದ ಟ್ರ್ಯಾಕಿನಲ್ಲಿ ಓಡಿದ ಮೇಲೂ ಇದೇ ಸ್ವಚ್ಛತೆ ಬೇಕು. ಎರಿ ಮಣ್ಣಿನ ಧೂಳು ನುಣ್ಣಗಿದ್ದು ಸ್ಪ್ರಿಂಗ್ ಕಾಂಟ್ಯಾಕ್ಟಿನ ಒಳಗೇ ಹೋಗಿ ಕೂಡುತ್ತದೆ.

ಬ್ಯಾಟರಿ

ಪೂರ್ತಿ ಚಾರ್ಜಾದ 3ಎಸ್ ಲಿಪೋ 12.6 ವೋಲ್ಟ್, ಅಂದರೆ ಸೆಲ್ಲಿಗೆ 4.2. ಒಟ್ಟು ವೋಲ್ಟೇಜಿಗಿಂತ ಸೆಲ್ಲುಗಳ ನಡುವಿನ ವ್ಯತ್ಯಾಸ ಮುಖ್ಯ. ಬ್ಯಾಲೆನ್ಸ್ ವೈರಿಗೆ (ಪ್ರತಿ ಸೆಲ್ಲಿನಿಂದ ಹೊರಬರುವ ತೆಳು ವೈರುಗಳ ಕನೆಕ್ಟರು) ಚೆಕರ್ ಹಚ್ಚಿದಾಗ 4.18, 4.17, 4.02 ಎಂದು ಬಂದರೆ ಮೂರನೆಯ ಸೆಲ್ಲು ಸೋತಿದೆ, 0.1 ವೋಲ್ಟಿಗಿಂತ ಹೆಚ್ಚು ಅಂತರವಿದ್ದ ಪ್ಯಾಕನ್ನು ಮ್ಯಾಚಿಗೆ ಇಳಿಸಬೇಡಿರಿ. ಮ್ಯಾಚಿನ ನಡುವೆ ಆ ಒಂದು ಸೆಲ್ಲು 3 ವೋಲ್ಟಿಗಿಂತ ಕೆಳಗೆ ಹೋಗಿ ಹಾಳಾಗುತ್ತದೆ, ಒಟ್ಟು ವೋಲ್ಟೇಜ್ ಮಾತ್ರ ಚೆನ್ನಾಗಿಯೇ ಕಾಣುತ್ತಿರುತ್ತದೆ. ಚೆಕರಿನ ಅಲಾರ್ಮನ್ನು ಸೆಲ್ಲಿಗೆ 3.5ಕ್ಕೆ ಇಟ್ಟುಕೊಳ್ಳಿರಿ. ಉಬ್ಬಿದ ಪ್ಯಾಕು ಎಷ್ಟೇ ವೋಲ್ಟೇಜ್ ತೋರಿಸಲಿ, ಬಳಸುವಂತಿಲ್ಲ.

ಯುಪಿಎಸ್‌ನಿಂದ ತೆಗೆದ ಲೆಡ್ ಆಸಿಡ್ ಬ್ಯಾಟರಿ ಸುಮ್ಮನಿದ್ದಾಗ 12.7 ತೋರಿಸಿ ಮೋಟಾರು ತಿರುಗಿದಾಗ 9ಕ್ಕೆ ಇಳಿಯುವುದು ಸಾಮಾನ್ಯ. ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಕೂತು ಒಳತಡೆ ಏರಿರುತ್ತದೆ. ಮತ್ತೆ ಚಾರ್ಜ್ ಮಾಡಿದರೂ ಅದು ಮ್ಯಾಚಿನ ಹೊತ್ತಿಗೆ ಸುಧಾರಿಸುವುದಿಲ್ಲ. ಲ್ಯಾಪ್‌ಟಾಪಿನಿಂದ ತೆಗೆದ 18650 (ದುಂಡನೆಯ ಲಿಥಿಯಂ) ಸೆಲ್ಲುಗಳನ್ನು ಪ್ಲಾಸ್ಟಿಕ್ ಹೋಲ್ಡರಿನಲ್ಲಿಟ್ಟು 10 ಆಂಪಿಯರ್ ಎಳೆಯುವ ಆಸೆ ಬೇಡ. ಸೆಲ್ಲು ಕೊಟ್ಟರೂ ಹೋಲ್ಡರಿನ ಸ್ಪ್ರಿಂಗು ಕೊಡಗೊಡುವುದಿಲ್ಲ.

ಒಳತಡೆ ತಿಳಿಯಲು ಸುಮ್ಮನಿದ್ದಾಗಿನ ಮತ್ತು ಲೋಡಿನಲ್ಲಿನ ವೋಲ್ಟೇಜಿನ ವ್ಯತ್ಯಾಸವನ್ನು ಕರೆಂಟಿನಿಂದ ಭಾಗಿಸಿರಿ. 12.4 ಇದ್ದದ್ದು 14 ಆಂಪಿಯರಿಗೆ 11.0 ಆದರೆ 100 ಮಿಲಿಓಮ್. 2200 ಎಂಎಎಚ್‌ನ ಒಳ್ಳೆಯ 3ಎಸ್ ಪ್ಯಾಕಿಗೆ ಇದು ಬಹಳ ಹೆಚ್ಚು. ಅದರ ಅರ್ಧಕ್ಕಿಂತ ಕಡಿಮೆ ಬರಬೇಕು. ಲೇಬಲ್ಲಿನ ಮೇಲೆ ಬರೆದ ಸಿ ರೇಟಿಂಗಿಗಿಂತ (ಪ್ಯಾಕು ಎಷ್ಟು ಕರೆಂಟು ಕೊಡಬಲ್ಲದೆಂಬ ಸಂಖ್ಯೆ) ಈ ಅಳತೆ ನಂಬಿಕೆಗೆ ಯೋಗ್ಯ.

ಕರೆಂಟ್ ಅಳೆಯುವುದು ಹೇಗೆ? ಎಲೆಕ್ಟ್ರಿಶಿಯನ್ನರ ಬಳಿ ಇರುವ ಹಲವು ಕ್ಲ್ಯಾಂಪ್ ಮೀಟರುಗಳು ಎಸಿ ಮಾತ್ರ ಅಳೆಯುತ್ತವೆ, ಡಿಸಿ ಅಳೆಯುವಂಥದ್ದೇ ಬೇಕು. ಅದಿಲ್ಲದಿದ್ದರೆ ವೈರನ್ನೇ ಅಳತೆಗೋಲು ಮಾಡಿಕೊಳ್ಳಬಹುದು. 1.5 ಚದರ ಮಿಲಿಮೀಟರಿನ ತಾಮ್ರದ ವೈರು ಮೀಟರಿಗೆ ಸುಮಾರು 13 ಮಿಲಿಓಮ್. ಬ್ಯಾಟರಿಯ ಮೈನಸ್ ದಾರಿಯಲ್ಲಿ ಸರಿಯಾಗಿ ಅರ್ಧ ಮೀಟರ್ ಅಂಥ ವೈರು ಜೋಡಿಸಿ, ಮೀಟರನ್ನು 200 ಮಿಲಿವೋಲ್ಟಿಗೆ ಇಟ್ಟು ಆ ವೈರಿನ ಎರಡು ತುದಿಗೆ ಹಚ್ಚಿರಿ. ಪ್ರತಿ ಆಂಪಿಯರಿಗೆ ಸುಮಾರು 6.5 ಮಿಲಿವೋಲ್ಟ್ ಬರುತ್ತದೆ. 100 ಬಂದರೆ ಹತ್ತಿರಹತ್ತಿರ 15 ಆಂಪಿಯರ್. ತಾಮ್ರದ ಬಣ್ಣ ಬಳಿದ ಅಲ್ಯುಮಿನಿಯಂ ವೈರಿಗೆ ಈ ಲೆಕ್ಕ ಹೊಂದುವುದಿಲ್ಲ. ಎಳೆಗಳನ್ನು ಬ್ಲೇಡಿನಿಂದ ಕೆರೆದು ನೋಡಿರಿ, ಒಳಗೆ ಬೆಳ್ಳಗೆ ಕಂಡರೆ ಅಂಥ ವೈರನ್ನು ರೋಬೋಟಿಗೇ ಹಾಕಬೇಡಿರಿ.

ಲೋಡಿನಲ್ಲಿ ವೋಲ್ಟೇಜ್ ಎಲ್ಲಿ ಕಳೆಯುತ್ತಿದೆ

ಗಾಲಿಗಳನ್ನು ಎತ್ತಿ ಗಾಳಿಯಲ್ಲಿ ತಿರುಗಿಸಿದರೆ ಕರೆಂಟು ಕಡಿಮೆ, ದೋಷ ಹೊರಬೀಳುವುದಿಲ್ಲ. ರೋಬೋಟನ್ನು ನೆಲದ ಮೇಲಿಟ್ಟು ಗೋಡೆಗೆ ಆನಿಸಿ, ಶೇ. 50 ವೇಗದಲ್ಲಿ ಒಂದೆರಡು ಸೆಕೆಂಡ್ ಮಾತ್ರ ಮುಂದಕ್ಕೆ ತಳ್ಳಿಸಿರಿ. ಗಾಲಿ ಜಾರಿದರೆ ಜಾರಲಿ. ಮ್ಯಾಚಿನಲ್ಲೂ ಕರೆಂಟಿನ ಮಿತಿ ಅಲ್ಲಿಯೇ ನಿಲ್ಲುತ್ತದೆ. ಗಾಲಿ ಜಾರದೆ ಮೋಟಾರೇ ನಿಂತುಬಿಟ್ಟರೆ ಕೂಡಲೇ ಬಿಡಿರಿ. ರೋಬೋ ವಾರ್ ಯಂತ್ರವಾದರೆ ಆಯುಧದ ಬೆಲ್ಟ್ ತೆಗೆದಿಟ್ಟೇ ಈ ಪರೀಕ್ಷೆ. ಒಬ್ಬರು ರಿಮೋಟ್ ಹಿಡಿಯಲಿ, ಇನ್ನೊಬ್ಬರು ಮೀಟರ್ ನೋಡಲಿ, ಕೈ ಗಾಲಿಯಿಂದ ದೂರವಿರಲಿ.

1. ಬ್ಯಾಟರಿಯ ಪ್ಲಸ್-ಮೈನಸ್ ನಡುವೆ ಲೋಡಿನಲ್ಲಿ ಅಳೆದು ಬರೆದುಕೊಳ್ಳಿರಿ. ಬ್ಯಾಲೆನ್ಸ್ ವೈರಿನ ಆಚೆ ಈಚೆ ಎರಡೂ ತುದಿಯ ಪಿನ್ನುಗಳು ಇದಕ್ಕೆ ಅನುಕೂಲ.
2. ಡ್ರೈವರಿನ ಪವರ್ ಟರ್ಮಿನಲ್ಲುಗಳ ನಡುವೆ ಅಳೆಯಿರಿ. ಎರಡರ ವ್ಯತ್ಯಾಸವೇ ದಾರಿಯಲ್ಲಿ ಕಳೆದದ್ದು.
3. ಬ್ಯಾಟರಿ ಪ್ಲಸ್‌ನಿಂದ ಡ್ರೈವರಿನ ಪ್ಲಸ್‌ಗೆ ಅಳೆಯಿರಿ. ಒಂದೇ ವೈರಿನ ಎರಡು ತುದಿಯ ನಡುವೆ ಅಳೆಯುವುದು ವಿಚಿತ್ರ ಅನ್ನಿಸಬಹುದು, ಆದರೆ ನಷ್ಟವನ್ನು ನೇರವಾಗಿ ತೋರಿಸುವ ಅಳತೆ ಇದೇ.
4. ಬ್ಯಾಟರಿ ಮೈನಸ್‌ನಿಂದ ಡ್ರೈವರಿನ ಗ್ರೌಂಡಿಗೆ ಅಳೆಯಿರಿ.

10 ಆಂಪಿಯರ್ ಆಸುಪಾಸಿನಲ್ಲಿ ಒಂದೊಂದು ಕಡೆಗೆ 0.2 ವೋಲ್ಟಿನೊಳಗೆ ಇದ್ದರೆ ಚೆನ್ನ, 0.3 ದಾಟಿದರೆ ಹುಡುಕಬೇಕು. ಹುಡುಕುವಾಗ ಒಂದು ತುದಿಯಿಂದ ಶುರು ಮಾಡದೆ ದಾರಿಯನ್ನು ಅರ್ಧ ಮಾಡುತ್ತ ಹೋಗಿರಿ. ಉದಾಹರಣೆಗೆ, ಲೋಡಿನಲ್ಲಿ ಬ್ಯಾಟರಿ 11.9, ಡ್ರೈವರ್ 10.6. ಪ್ಲಸ್ ಕಡೆ 0.2, ಮೈನಸ್ ಕಡೆ 1.1. ಹಾಗಾದರೆ ಪ್ಲಸ್ ದಾರಿಯನ್ನು ಮರೆತುಬಿಡಿರಿ. ಮೈನಸ್ ದಾರಿಯ ನಡುವಿನ ಎಕ್ಸ್‌ಟಿ60ಯ ಎರಡೂ ಬದಿಯಲ್ಲಿ ಪ್ರೋಬ್ ಇಟ್ಟಾಗ 0.9 ಬಂದರೆ ದೋಷ ಸಿಕ್ಕಿತು: ಒಳಗಿನ ಬೆಸುಗೆ ಪೂರ್ತಿ ಕೂಡಿಲ್ಲ. ಹೀಟ್ ಶ್ರಿಂಕ್ ಕತ್ತರಿಸಿ ನೋಡಿದರೆ ಅಂಥ ಬೆಸುಗೆ ಹೊಳಪಿಲ್ಲದೆ ಗುಂಡಗೆ, ವೈರಿನ ಎಳೆಗಳ ಒಳಗೆ ಇಳಿಯದೆ ಮೇಲೆಯೇ ಕೂತಿರುತ್ತದೆ. ಎರಡು ಕನೆಕ್ಟರುಗಳನ್ನು ಒಂದಕ್ಕೊಂದು ಜೋಡಿಸಿಟ್ಟು ಬೆಸುಗೆ ಹಾಕಿದರೆ ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ನುಗಳು ಸೊಟ್ಟಗಾಗುವುದಿಲ್ಲ. ಜೋಡಿಸುವ ಇನ್ನೊಂದು ಕನೆಕ್ಟರ್ ಯಾವುದಕ್ಕೂ ಸೇರಿರದ ಬಿಡಿ ತುಂಡಾಗಿರಲಿ, ಬ್ಯಾಟರಿಯದಾಗಿರಬಾರದು.

ಸಣ್ಣ ರಾಕರ್ ಸ್ವಿಚ್ಚುಗಳ ಮೇಲೆ 6 ಆಂಪಿಯರ್ 250 ವೋಲ್ಟ್ ಎಸಿ ಎಂದು ಬರೆದಿರುತ್ತದೆ. ಅದರಲ್ಲಿ 15 ಆಂಪಿಯರ್ ಡಿಸಿ ಹರಿಸಿದರೆ ಆಫ್ ಮಾಡುವಾಗಿನ ಕಿಡಿಗೆ ಕಾಂಟ್ಯಾಕ್ಟು ಸುಟ್ಟು ಕಪ್ಪಾಗುತ್ತದೆ; ಎಸಿಯಂತೆ ಡಿಸಿ ಸೊನ್ನೆಗೆ ಬಂದು ಹೋಗುವುದಿಲ್ಲವಾದ್ದರಿಂದ ಕಿಡಿ ಬೇಗ ಆರುವುದಿಲ್ಲ. ಲೋಡಿನಲ್ಲಿ ಸ್ವಿಚ್ಚಿನ ಎರಡು ಕಾಲುಗಳ ನಡುವೆ 0.1ಕ್ಕಿಂತ ಹೆಚ್ಚು ಬಂದರೆ ಸ್ವಿಚ್ ತೆಗೆದು ಎಕ್ಸ್‌ಟಿ60ಯ ಕೀಳುವ ಲಿಂಕ್ ಹಾಕಿರಿ. ಫ್ಯೂಸಿನಲ್ಲೂ ಕೆಡುವುದು ಹೆಚ್ಚಾಗಿ ಫ್ಯೂಸಲ್ಲ, ಅದನ್ನು ಹಿಡಿಯುವ ಹೋಲ್ಡರಿನ ತಗಡು. 20 ಆಂಪಿಯರಿನ ಬ್ಲೇಡ್ ಫ್ಯೂಸ್ 40 ಆಂಪಿಯರಿಗೂ ಆ ಕ್ಷಣವೇ ಹಾರುವುದಿಲ್ಲ, ಕೆಲವು ಸೆಕೆಂಡ್ ತಡೆಯಬಹುದು. ಆದ್ದರಿಂದ ತಳ್ಳಾಟದ ಕ್ಷಣಕ್ಕೆ ಹೆದರಿ ದೊಡ್ಡ ಫ್ಯೂಸ್ ಹಾಕಬೇಕಿಲ್ಲ. ಹಾರಿದ ಫ್ಯೂಸಿನ ಜಾಗಕ್ಕೆ ವೈರಿನ ಎಳೆ ಸುತ್ತಿ ಮ್ಯಾಚಿಗೆ ಹೋಗುವುದು ಲಿಪೋಗೆ ಬೆಂಕಿ ಹಚ್ಚಿಸುವ ಕೆಲಸ.

ವೈರಿನ ದಪ್ಪ: ಬ್ಯಾಟರಿಯಿಂದ ಡ್ರೈವರಿನವರೆಗೆ ಕನಿಷ್ಠ 1.5 ಚದರ ಮಿಲಿಮೀಟರ್, ಪ್ರತಿ ಮೋಟಾರಿಗೆ 0.75 ಅಥವಾ 1. ಬ್ರೆಡ್‌ಬೋರ್ಡ್ ಜಂಪರ್ ವೈರು ಸಿಗ್ನಲ್ಲಿಗೆ ಮಾತ್ರ. ಅದರಲ್ಲಿ ಮೋಟಾರ್ ಕರೆಂಟು ಹರಿದರೆ ಮೊದಲು ತುದಿಯ ಕಪ್ಪು ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಮೈನಸ್ ದಾರಿ ಏಕೆ ಇಷ್ಟು ಮುಖ್ಯ

ಪ್ಲಸ್ ಕಡೆ ಒಂದು ವೋಲ್ಟ್ ಕಳೆದರೆ ಮೋಟಾರು ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ. ಮೈನಸ್ ಕಡೆ ಒಂದು ವೋಲ್ಟ್ ಕಳೆದರೆ ಡ್ರೈವರಿನ ಗ್ರೌಂಡು ಆರ್ಡುಯಿನೋದ ಗ್ರೌಂಡಿಗಿಂತ ಒಂದು ವೋಲ್ಟ್ ಮೇಲೇಳುತ್ತದೆ. ಆರ್ಡುಯಿನೋ ಕಳಿಸಿದ 5 ವೋಲ್ಟ್ ಡ್ರೈವರಿಗೆ 4 ಆಗಿ, ಸೊನ್ನೆ ವೋಲ್ಟ್ ಮೈನಸ್ 1 ಆಗಿ ಕಾಣುತ್ತದೆ. 3.3 ವೋಲ್ಟಿನ ಇಎಸ್‌ಪಿ32 ಆದರೆ 2.3 ಮಾತ್ರ ಉಳಿಯುತ್ತದೆ, ಕೆಲವು ಡ್ರೈವರುಗಳಿಗೆ ಅದು ಹೈ ಎಂದು ಗೊತ್ತಾಗುವುದೇ ಇಲ್ಲ. ಗಾಲಿ ನಡುಗುವುದು, ದಿಕ್ಕು ತಪ್ಪುವುದು ಹೀಗೆ ಶುರುವಾಗುತ್ತದೆ, ಆಮೇಲೆ ಕೋಡಿನ ಮೇಲೆ ಗುಮಾನಿ ಬರುತ್ತದೆ.

ಇದಕ್ಕಿಂತ ಕೆಟ್ಟದ್ದು, ಡ್ರೈವರಿನ ದಪ್ಪ ಮೈನಸ್ ವೈರು ಸಡಿಲಾದಾಗ ಮೋಟಾರಿನ ಕರೆಂಟು ಆರ್ಡುಯಿನೋಗೆ ಹೋಗುವ ತೆಳು ಗ್ರೌಂಡ್ ಜಂಪರಿನ ಮೂಲಕ ಹಿಂದಿರುಗಲು ನೋಡುತ್ತದೆ. ಜಂಪರ್ ಸುಡುತ್ತದೆ, ಕೆಲವೊಮ್ಮೆ ಬೋರ್ಡೂ ಹೋಗುತ್ತದೆ. ಸುಟ್ಟ ಗ್ರೌಂಡ್ ಜಂಪರ್ ಕಂಡರೆ ಅದನ್ನಷ್ಟೇ ಬದಲಿಸಿ ಮುಂದೆ ಹೋಗಬೇಡಿರಿ. ನಿಜವಾದ ದೋಷ ದಪ್ಪ ಮೈನಸ್ ವೈರಿನಲ್ಲಿದೆ.

ಸರಿಯಾದ ಜೋಡಣೆ ಎಂದರೆ ಬ್ಯಾಟರಿಯ ಮೈನಸ್ ಒಂದು ಬಿಂದುವಿಗೆ ಬಂದು, ಅಲ್ಲಿಂದ ಪ್ರತಿ ಡ್ರೈವರಿಗೆ ಒಂದೊಂದು ದಪ್ಪ ವೈರು, ಬಕ್ ಕನ್ವರ್ಟರಿಗೆ ಬೇರೆ ವೈರು ಹೋಗಬೇಕು. ಒಂದು ಡ್ರೈವರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಆರ್ಡುಯಿನೋಗೆ ಎಂದು ಸರಪಳಿ ಎಳೆಯಬಾರದು. ಸರ್ವೋಗೆ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು) ಬೇರೆ ಬ್ಯಾಟರಿ ಕೊಟ್ಟಾಗಲೂ ಅದರ ಮೈನಸ್ ಇದೇ ಬಿಂದುವಿಗೆ ಸೇರಬೇಕು. ಸೇರದಿದ್ದರೆ ಸರ್ವೋ ಸುಮ್ಮನೆ ಅದುರುತ್ತಿರುತ್ತದೆ.

ರೀಸೆಟ್ ಆಗುತ್ತಿದ್ದರೆ

ಮೊದಲು ನಿಜಕ್ಕೂ ರೀಸೆಟ್ ಆಗುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿರಿ. ಕೋಡಿನ ಸೆಟಪ್ ಭಾಗದಲ್ಲಿ (ಬೋರ್ಡು ಚಾಲೂ ಆದಾಗ ಒಮ್ಮೆ ಮಾತ್ರ ಓಡುವ ಭಾಗ) ಆರ್ಡುಯಿನೋದ 13ನೇ ಪಿನ್ನಿನ ಎಲ್ಇಡಿ ಮೂರು ಸಲ ಚಕಚಕ ಮಿನುಗುವಂತೆ ಬರೆಯಿರಿ. ಓಡುತ್ತಿರುವಾಗ ಆ ಮೂರು ಮಿನುಗು ಕಂಡರೆ ಬೋರ್ಡು ರೀಸೆಟ್ ಆಗಿದೆ. ಕಾಣದೆ ರೋಬೋಟ್ ನಿಂತರೆ ಬೋರ್ಡು ಬದುಕಿದೆ, ರಿಸೀವರ್ ಅಥವಾ ಡ್ರೈವರ್ ಕೈಕೊಟ್ಟಿದೆ. ಎಚ್‌ಸಿ-05 ಬ್ಲೂಟೂತಿನ ಎಲ್ಇಡಿ ವೇಗವಾಗಿ ಮಿನುಗತೊಡಗಿದರೆ ಸಂಪರ್ಕ ಕಡಿದಿದೆ. ಎಲ್ಲ ಲೈಟುಗಳೂ ಕಾಣುವಂತೆ ಮೊಬೈಲಿನ ಸ್ಲೋ ಮೋಷನ್ನಿನಲ್ಲಿ ವಿಡಿಯೋ ತೆಗೆದು, ಯಾವ ಲೈಟು ಮೊದಲು ಆರಿತು ಎಂದು ನೋಡಿರಿ. ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಳೆಯುವ ಮಲ್ಟಿಮೀಟರಿಗೆ 20 ಮಿಲಿಸೆಕೆಂಡಿನ ಕುಸಿತ ಕಾಣುವುದಿಲ್ಲ, ವಿಡಿಯೋಗೆ ಕಾಣುತ್ತದೆ. ಇಎಸ್‌ಪಿ32ರಲ್ಲಿ ಸೀರಿಯಲ್ ಮಾನಿಟರಿಗೆ ಬ್ರೌನ್‌ಔಟ್ ಡಿಟೆಕ್ಟರ್ ಎಂಬ, ವೋಲ್ಟೇಜ್ ಕುಸಿತದ ಸಂದೇಶ ಬಂದರೆ ಬೇರೆ ಸಾಕ್ಷಿ ಬೇಡ.

ಇಲ್ಲೊಂದು ಮೋಸವಿದೆ. ಲ್ಯಾಪ್‌ಟಾಪಿನ ಯುಎಸ್‌ಬಿ ಹಚ್ಚಿಯೇ ಪರೀಕ್ಷಿಸಿದರೆ ಬೋರ್ಡಿಗೆ ಅಲ್ಲಿಂದಲೂ 5 ವೋಲ್ಟ್ ಸಿಗುವುದರಿಂದ ದೋಷ ಮಾಯವಾಗುತ್ತದೆ. ಯುಎಸ್‌ಬಿ ಇದ್ದಾಗ ಸರಿ, ಕಿತ್ತಾಗ ತಪ್ಪು ಎಂದರೆ 5 ವೋಲ್ಟಿನ ಸಪ್ಲೈ ಬಲಹೀನ ಎಂದು ಬರೆದಿಟ್ಟುಕೊಳ್ಳಿರಿ.

ಆ ಸಪ್ಲೈ ಎಲ್ಲಿಂದ ಬರುತ್ತಿದೆ? ಎಲ್298ಎನ್ ಬೋರ್ಡಿನ 5 ವೋಲ್ಟಿನಿಂದಾದರೆ ಅದರ ಸಣ್ಣ ರೆಗ್ಯುಲೇಟರಿನಿಂದ ಅರ್ಧ ಆಂಪಿಯರಿಗಿಂತ ಹೆಚ್ಚು ಸಿಗುವುದಿಲ್ಲ, ಅದಕ್ಕೆ ಸುಮಾರು 7 ವೋಲ್ಟ್ ಒಳಬರಬೇಕು. ಆರ್ಡುಯಿನೋ ಊನೋದ ವಿನ್ (ಬ್ಯಾಟರಿ ಹಚ್ಚುವ) ಪಿನ್ನಿಗೆ 12 ಕೊಟ್ಟು 0.3 ಆಂಪಿಯರ್ ಎಳೆದರೆ ರೆಗ್ಯುಲೇಟರಿನಲ್ಲಿ 2 ವ್ಯಾಟಿಗಿಂತ ಹೆಚ್ಚು ಶಾಖ. ಅದು ಕಾದು ಬಂದ್ ಆಗುತ್ತದೆ. ಎಂಜಿ996ಆರ್‌ನಂಥ ಸರ್ವೋ ಜಾಮ್ ಆದಾಗ ಎರಡು ಆಂಪಿಯರ್ ದಾಟುತ್ತದೆ, ಅದನ್ನು ಆರ್ಡುಯಿನೋದ 5 ವೋಲ್ಟ್ ಪಿನ್ನಿಗೆ ಹಚ್ಚಲೇಬಾರದು. ಊನೋ 2.7 ವೋಲ್ಟಿಗೆ ರೀಸೆಟ್ ಆಗುವಂತೆ ಹೊಂದಿಸಿ ಬರುತ್ತದೆ, ಆದರೆ 16 ಮೆಗಾಹರ್ಟ್ಸ್ ವೇಗಕ್ಕೆ ಚಿಪ್ಪಿಗೆ ಸುಮಾರು 3.8 ವೋಲ್ಟ್ ಬೇಕು. ಇವೆರಡರ ನಡುವೆ ಇಳಿದಾಗ ರೀಸೆಟ್ ಆಗದೆ ಎತ್ತೆತ್ತಲೋ ಓಡುವುದುಂಟು.

ಪರಿಹಾರ: ಬ್ಯಾಟರಿಯಿಂದ ನೇರವಾಗಿ ಎಲ್ಎಂ2596 ಬಕ್ ಕನ್ವರ್ಟರ್ ತೆಗೆದುಕೊಂಡು, ಜೋಡಿಸುವ ಮೊದಲೇ 5.1 ವೋಲ್ಟಿಗೆ ಹೊಂದಿಸಿ, ತಿರುಪಿನ ಮೇಲೆ ಒಂದು ಹನಿ ನೇಲ್ ಪಾಲಿಶ್ ಹಾಕಿರಿ, ಅದುರಿ ತಿರುಗುವುದಿಲ್ಲ. ಅದಕ್ಕೆ 3 ಆಂಪಿಯರ್ ಎಂದು ಬರೆದಿದ್ದರೂ ಎರಡರೊಳಗೆ ಬಳಸಿರಿ. ಸರ್ವೋಗಳಿಗೆ ಬೇರೊಂದು ಬಕ್. ಡ್ರೈವರಿನ ಪವರ್ ಟರ್ಮಿನಲ್ಲಿಗೆ 1000 ಮೈಕ್ರೋಫ್ಯಾರಡ್ 25 ವೋಲ್ಟಿನ ಕೆಪಾಸಿಟರ್, 5 ವೋಲ್ಟ್ ಕಡೆ 470. ಇವುಗಳ ಮೈನಸ್ ಪಟ್ಟಿ ನೋಡಿಯೇ ಹಾಕಿರಿ, ತಿರುವಿ ಹಾಕಿದರೆ ಸಿಡಿಯುತ್ತವೆ. ಪ್ರತಿ ಮೋಟಾರಿನ ಎರಡು ಟರ್ಮಿನಲ್ ನಡುವೆ 104 ಎಂದು ಬರೆದ ಸಿರಾಮಿಕ್ ಕೆಪಾಸಿಟರ್ ಹಾಕಿ, ಎರಡು ವೈರುಗಳನ್ನು ಹೊಸೆದು ಒಯ್ಯಿರಿ. ಬ್ರಷ್ಷಿನ ಕಿಡಿಯಿಂದ ಹುಟ್ಟುವ ಗದ್ದಲ ಇದರಿಂದ ತಗ್ಗುತ್ತದೆ.

ಕೋಡಿನಲ್ಲಿ ಮಾಡಬೇಕಾದದ್ದು ಒಂದೇ: ಪೂರ್ತಿ ಮುಂದಿನಿಂದ ಪೂರ್ತಿ ಹಿಂದಕ್ಕೆ ಒಮ್ಮೆಲೇ ತಿರುಗಿಸಬೇಡಿರಿ. ತಿರುಗುತ್ತಿರುವ ಮೋಟಾರು ತಾನೇ ಹುಟ್ಟಿಸುವ ವೋಲ್ಟೇಜು ಆಗ ಬ್ಯಾಟರಿಯ ಜೊತೆ ಕೂಡಿಕೊಂಡು, ಕರೆಂಟು ಸ್ಟಾಲ್ ಕರೆಂಟಿನ (ಮೋಟಾರು ತಿರುಗದೆ ಸಿಕ್ಕಿಬಿದ್ದಾಗ ಎಳೆಯುವ ಕರೆಂಟು) ಎರಡರಷ್ಟರ ಹತ್ತಿರ ಹೋಗುತ್ತದೆ. 100ರಿಂದ 200 ಮಿಲಿಸೆಕೆಂಡಿನಲ್ಲಿ ಏರಿಸಿ ಇಳಿಸಿದರೆ ಆಟಕ್ಕೆ ತೊಂದರೆಯಾಗುವುದಿಲ್ಲ.

ಡ್ರೈವರ್

ಎಲ್298ಎನ್ ಹಳೆಯ ಬೈಪೋಲಾರ್ ಚಿಪ್. ಒಂದು ಆಂಪಿಯರಿಗೇ ಸುಮಾರು 2 ವೋಲ್ಟ್ ತಾನೇ ನುಂಗುತ್ತದೆ, ಆದ್ದರಿಂದ 12 ಕೊಟ್ಟಾಗ ಮೋಟಾರಿಗೆ 10 ಬಂದರೆ ಅದು ದೋಷವಲ್ಲ. ಚಾನಲ್ಲಿಗೆ 2 ಆಂಪಿಯರ್ ಅದರ ಮಿತಿ. ನಿಮ್ಮ ಮೋಟಾರಿನ ಸ್ಟಾಲ್ ಕರೆಂಟು ತಿಳಿಯಲು ಅದರ ವೈಂಡಿಂಗ್ ಓಮ್ ಅಳೆಯಿರಿ: ಶಾಫ್ಟ್ ನಿಧಾನ ತಿರುಗಿಸುತ್ತ ಬಂದ ಅತಿ ಕಡಿಮೆ ಸಂಖ್ಯೆಯಿಂದ, ಪ್ರೋಬುಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಬರುವ ಸಂಖ್ಯೆ ಕಳೆಯಿರಿ. 2 ಓಮ್ ಉಳಿದರೆ 12 ವೋಲ್ಟಿಗೆ 6 ಆಂಪಿಯರ್. ಅಂಥ ಎರಡು ಮೋಟಾರನ್ನು ಒಂದೇ ಚಾನಲ್ಲಿಗೆ ಹಚ್ಚಿ ತಳ್ಳಾಟಕ್ಕೆ ಇಳಿದರೆ ಡ್ರೈವರ್ ನಿಲ್ಲುವುದೇ ಸರಿ. ಫ್ಯಾನ್ ಹಾಕಿ ಉಪಯೋಗವಿಲ್ಲ, ಬಿಟಿಎಸ್7960ಗೆ ಬದಲಿಸಿರಿ. ಇದರಲ್ಲಿ ಲೈಟು ಹತ್ತಿ ಮೋಟಾರು ತಿರುಗದಿದ್ದರೆ ಎರಡೂ ಎನೇಬಲ್ ಪಿನ್ನುಗಳಿಗೆ 5 ವೋಲ್ಟ್ ಬಂದಿದೆಯೇ ನೋಡಿರಿ. ಒಂದಕ್ಕೆ ಬಂದು ಇನ್ನೊಂದು ಬಿಟ್ಟಿರುವುದು ಸಾಮಾನ್ಯ.

ಪೆಟ್ಟು ಬಿದ್ದಾಗ ಸತ್ತು ಬದುಕುವ ದೋಷ

ಪವರ್ ಆನ್ ಇಟ್ಟು, ಗಾಲಿ ಎತ್ತಿ, ನಿಧಾನ ವೇಗದಲ್ಲಿ ತಿರುಗಿಸುತ್ತ, ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಒಂದೊಂದು ಕನೆಕ್ಟರನ್ನು ಮೆಲ್ಲಗೆ ತಟ್ಟಿರಿ. ತಟ್ಟಿದಾಗ ತಡವರಿಸಿದ ಜಾಗದ ಸುತ್ತ ವೈರುಗಳನ್ನು ಒಂದೊಂದೇ ಮರದ ಕಡ್ಡಿಯಿಂದ ಅಲುಗಿಸಿರಿ. ಕೈಯಿಂದ ಇಡೀ ಗೊಂಚಲನ್ನು ಹಿಡಿದು ಅಲುಗಿಸಿದರೆ ಯಾವ ವೈರು ಎಂದು ಎಂದಿಗೂ ತಿಳಿಯುವುದಿಲ್ಲ. ಹೊದಿಕೆಯೊಳಗೇ ತುಂಡಾದ ವೈರನ್ನು ಎರಡು ಬೆರಳಿನಲ್ಲಿ ಬಾಗಿಸುತ್ತ ಹೋದರೆ ಮುರಿದ ಜಾಗ ಮೆತ್ತಗೆ ಸಿಗುತ್ತದೆ. ಬೆಸುಗೆಯ ಪಕ್ಕದಲ್ಲೇ ಇದು ಹೆಚ್ಚು. ಅದಕ್ಕೇ ಪ್ರತಿ ಬೆಸುಗೆಯಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ವೈರನ್ನು ಚಾಸಿಸ್ಸಿಗೆ ಕೇಬಲ್ ಟೈಯಿಂದ ಕಟ್ಟಬೇಕು, ಕಟ್ಟಿನಿಂದ ಬೆಸುಗೆಯವರೆಗೆ ಸ್ವಲ್ಪ ಸಡಿಲು ಬಿಡಬೇಕು.

ಜಂಪರ್ ತುದಿಗಳಿಗೆ ಗ್ಲೂ ಗನ್ನಿನ ಗೋಂದು ಒಳ್ಳೆಯದು. ಬಿಸಿಯಾಗುವ ಡ್ರೈವರಿನ ಹೀಟ್ ಸಿಂಕಿನ ಪಕ್ಕ ಅದು ಕರಗುತ್ತದೆ. ಬ್ರೆಡ್‌ಬೋರ್ಡನ್ನು ಮ್ಯಾಚಿನ ರೋಬೋಟಿನಲ್ಲಿ ಇಡಲೇಬಾರದು. ಬ್ಯಾಟರಿಯನ್ನು ವೆಲ್‌ಕ್ರೋ ಪಟ್ಟಿಯಿಂದ ಬಿಗಿದು ಕಟ್ಟಿರಿ. ಬ್ಯಾಟರಿ ಅರ್ಧ ಇಂಚು ಸರಿದರೂ ಜಗ್ಗುವುದು ಕನೆಕ್ಟರನ್ನೇ.

ಎಫ್‌ಟಿಸಿ (ಫಸ್ಟ್ ಟೆಕ್ ಚಾಲೆಂಜ್) ಮಾದರಿಯ ಸ್ಪರ್ಧೆಗೆ ತಯಾರಾಗುವ ಶಾಲಾ ತಂಡಗಳಿಗೆ 20 ಆಂಪಿಯರ್ ಫ್ಯೂಸಿರುವ 12 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಇರುತ್ತದೆ. ಅಲ್ಲಿ ರೋಬೋಟ್ ನಡೆಸುವವರ ಕೈಯಲ್ಲಿರುವ ಡ್ರೈವರ್ ಸ್ಟೇಷನ್ ಪರದೆಯೇ ಈಗಿನ ವೋಲ್ಟೇಜಿನ ಜೊತೆ ಓಟದಲ್ಲಿ ಇಳಿದ ಅತಿ ಕಡಿಮೆ ವೋಲ್ಟೇಜನ್ನೂ ತೋರಿಸುತ್ತದೆ. ಪ್ರತಿ ಓಟದ ನಂತರ ಆ ಕಡಿಮೆ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಯಾವ ಬ್ಯಾಟರಿ ಸೋಲುತ್ತಿದೆ ಎಂದು ಮೀಟರಿಲ್ಲದೆಯೇ ತಿಳಿಯುತ್ತದೆ.

ಸರದಿಗೆ ಮೊದಲಿನ ಹತ್ತು ನಿಮಿಷ

ಈ ಹೊತ್ತಿನಲ್ಲಿ ಹೊಸದೇನನ್ನೂ ಜೋಡಿಸಬೇಡಿರಿ. ಸೆಲ್ ವೋಲ್ಟೇಜ್ ನೋಡಿ, ಪ್ರತಿ ವೈರು ಜಗ್ಗಿ, ಗೋಡೆಗೆ ಆನಿಸಿ ಎರಡು ಸೆಕೆಂಡ್ ತಳ್ಳಿಸಿ ಡ್ರೈವರ್ ಟರ್ಮಿನಲ್ಲಿನ ವೋಲ್ಟೇಜನ್ನು ಹಿಂದಿನ ಅಳತೆಗೆ ಹೋಲಿಸಿರಿ. ಆಮೇಲೆ ಪವರ್ ತೆಗೆದು, ಕನೆಕ್ಟರ್, ಸ್ವಿಚ್, ಫ್ಯೂಸ್ ಹೋಲ್ಡರುಗಳನ್ನು ಬೆರಳಿನಿಂದ ಮುಟ್ಟಿರಿ. ಉಳಿದವು ತಣ್ಣಗಿದ್ದು ಒಂದು ಮಾತ್ರ ಬೆಚ್ಚಗಿದ್ದರೆ ಅದನ್ನು ಈಗಲೇ ಬದಲಿಸಿರಿ, ಮ್ಯಾಚು ಮುಗಿಯುವವರೆಗೆ ಅದು ತಡೆಯಲಾರದು.

ಮ್ಯಾಚಿನಿಂದ ಬಂದ ಬಿಸಿ ಲಿಪೋವನ್ನು ಕೂಡಲೇ ಚಾರ್ಜಿಗೆ ಹಚ್ಚಬೇಡಿರಿ, ಮುಟ್ಟಿದರೆ ತಣ್ಣಗೆ ಅನ್ನಿಸುವವರೆಗೆ ಬಿಡಿರಿ. 2200 ಎಂಎಎಚ್ ಪ್ಯಾಕಿಗೆ 2.2 ಆಂಪಿಯರಿನಲ್ಲಿ ಬ್ಯಾಲೆನ್ಸ್ ಚಾರ್ಜು ಒಂದು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ, ಬ್ಯಾಲೆನ್ಸ್ ಪೋರ್ಟಿನಿಂದಲೇ ಚಾರ್ಜ್ ಮಾಡುವ ಸಣ್ಣ ಬಿ3 ಚಾರ್ಜರಾದರೆ ಸುಮಾರು ಮೂರು ಗಂಟೆ. ಎರಡು ಸುತ್ತುಗಳ ನಡುವೆ ಅಷ್ಟು ಸಮಯ ಸಿಗುವುದಿಲ್ಲ. ಹಾಗಾಗಿ ಹಿಂದಿನ ರಾತ್ರಿಯೇ ಚಾರ್ಜ್ ಮಾಡಿದ ಎರಡನೆಯ ಪ್ಯಾಕು ಇರಲೇಬೇಕು, ಅದನ್ನೂ ಇದೇ ರೋಬೋಟಿನಲ್ಲಿ ಲೋಡಿನಲ್ಲಿ ಒಮ್ಮೆ ಅಳೆದು ಸಂಖ್ಯೆಯನ್ನು ಪ್ಯಾಕಿನ ಮೇಲೆಯೇ ಟೇಪು ಹಚ್ಚಿ ಬರೆದಿಡಿರಿ. ಏಪ್ರಿಲ್ ಬಿಸಿಲಿನಲ್ಲಿ ಪ್ಯಾಕುಗಳನ್ನು ಬೈಕಿನ ಡಿಕ್ಕಿಯಲ್ಲಿ, ಕಾರಿನ ಗಾಜಿನ ಹಿಂದೆ ಇಟ್ಟು ಹೋಗಬಾರದು. ನೆರಳಿನಲ್ಲಿ, ಬ್ಯಾಲೆನ್ಸ್ ವೈರಿನ ತುದಿಗೆ ಟೇಪು ಸುತ್ತಿ, ಒಂದಕ್ಕೊಂದು ತಾಕದಂತೆ ಇಡಿರಿ.